‘ಗೋಕಾಕ ವರದಿ’ ಕೊಟ್ಟವರು ನಮ್ಮ ಸವಣೂರಿನವರು

ಸವಣೂರು: ಗೋಕಾಕ ಚಳವಳಿ ಅಂದ್ರೆ ಬೆಳಗಾವಿ ಜಿಲ್ಲೆಯ ಗೋಕಾಕದಾಗ ನಡೆದದ್ದು ಅಂತ ತಿಳಿದ ಹುಡುಗರು ಈಗಲೂ ಸಿಗ್ತಾರೆ. ಆದ್ರೆ ಅದು ಊರಿನ ಹೆಸರಲ್ಲ, ಒಬ್ಬ ಮಾಸ್ತರ ಮನೆತನದ ಹೆಸರು. ಆ ಮಾಸ್ತರು ಹುಟ್ಟಿದ್ದು ನಮ್ಮ ಸವಣೂರಿನಲ್ಲಿ, 1909ರ ಆಗಸ್ಟ್ 9ರಂದು. ಅವರೇ ವಿನಾಯಕ ಕೃಷ್ಣ ಗೋಕಾಕ.

ಆಗ ಸವಣೂರು ನವಾಬರ ಸಂಸ್ಥಾನ. ಬೀದಿಯಲ್ಲಿ ಕನ್ನಡ, ಉರ್ದು ಎರಡೂ ಕೇಳಿಸ್ತಿದ್ದ ಊರು. ಇಲ್ಲಿನ ಮಜೀದ್ ಹೈಸ್ಕೂಲಿನಲ್ಲಿ ಓದಿದ ಗೋಕಾಕರು ಮುಂದೆ ಧಾರವಾಡದ ಕರ್ನಾಟಕ ಕಾಲೇಜು ಸೇರಿದ್ರು. ಅಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಸಿಕ್ಕಿತು. ‘ವಿನಾಯಕ’ ಅನ್ನೋ ಹೆಸರಲ್ಲಿ ಕನ್ನಡ ಕವಿತೆ ಬರೀತಾ, ಹೊಟ್ಟೆಪಾಡಿಗೆ ಇಂಗ್ಲಿಷ್ ಕಲಿಸಿದ್ರು.

1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಪ್ರಥಮ ದರ್ಜೆಯಲ್ಲಿ ಪಾಸಾದ್ರು. ಆ ಹಡಗಿನ ಪ್ರಯಾಣದಿಂದ ‘ಸಮುದ್ರ ಗೀತೆಗಳು’ ಹುಟ್ಟಿದವು. ಮುಂದೆ ಸಾಂಗಲಿ, ಕೊಲ್ಲಾಪುರ, ಧಾರವಾಡದ ಕಾಲೇಜುಗಳಲ್ಲಿ ಪ್ರಾಂಶುಪಾಲರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಅಂದ್ರೆ ದೇಶದ ಮಾಸ್ತರುಗಳಿಗೇ ಇಂಗ್ಲಿಷ್ ಹೇಗೆ ಕಲಿಸಬೇಕು ಅಂತ ಹೇಳಿಕೊಟ್ಟ ಮನುಷ್ಯ.

ಅಂಥವರ ಕೈಗೆ 1980ರ ಜುಲೈನಲ್ಲಿ ಗುಂಡೂರಾವ್ ಸರ್ಕಾರ ಭಾಷಾ ಸಮಿತಿ ಕೊಟ್ಟಿತು. ಆಗ ಹೈಸ್ಕೂಲಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತಗೊಂಡು, ಕನ್ನಡ ಓದದೇ ಎಸ್ಸೆಸ್ಸೆಲ್ಸಿ ದಾಟಬಹುದಿತ್ತು. 1981ರ ಜನವರಿಯಲ್ಲಿ ಬಂದ ವರದಿ ಇದಕ್ಕೆ ತಡೆ ಹಾಕಿತು. ಹೈಸ್ಕೂಲಲ್ಲಿ ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ, ಉಳಿದ ಎರಡು ಭಾಷೆಗೆ ತಲಾ 100. ಗಮನಿಸಿ, ಇಂಗ್ಲಿಷ್ ತೆಗೀರಿ ಅಂತ ವರದಿ ಎಲ್ಲೂ ಹೇಳಲಿಲ್ಲ.

ಸರ್ಕಾರ ಮೀನಮೇಷ ಎಣಿಸಿತು. ಸಾಹಿತಿಗಳು ಬೀದಿಗೆ ಬಂದ್ರು. ನಮ್ಮದೇ ಹಾವೇರಿ ತಾಲ್ಲೂಕಿನ ಕುರಬಗೊಂಡದ ಪಾಟೀಲ ಪುಟ್ಟಪ್ಪನವರು ಪತ್ರಿಕೆಯಲ್ಲೂ ವೇದಿಕೆಯಲ್ಲೂ ಗುಡುಗಿದ್ರು. 1982ರಲ್ಲಿ ಡಾ. ರಾಜಕುಮಾರ್ ಇಳಿದ ಮೇಲಂತೂ ವರದಿ ಓದದವರ ಬಾಯಲ್ಲೂ ಗೋಕಾಕರ ಹೆಸರು. ಅದೇ ಜುಲೈನಲ್ಲಿ ಆದೇಶ ಹೊರಬಿತ್ತು.

ಇನ್ನೊಂದು ಮಗ್ಗಲೂ ಇದೆ. ಮನೆಯಲ್ಲಿ ಉರ್ದು, ಮರಾಠಿ, ತಮಿಳು ಮಾತಾಡೋರು ನಮ್ಮ ಭಾಷೆಯ ಗತಿ ಏನು ಅಂತ ಕೇಳಿದ್ರು. ಸವಣೂರಿನಂಥ ಊರಲ್ಲಿ ಈ ಪ್ರಶ್ನೆಯನ್ನ ತಳ್ಳಿಹಾಕೋಕೆ ಆಗಲ್ಲ. ಕನ್ನಡವೊಂದೇ ಪ್ರಥಮ ಭಾಷೆ ಅನ್ನೋ ಆದೇಶ 1989ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯ್ತು. ಈಗ 2015ರ ಕಾಯ್ದೆ ಪ್ರಕಾರ ಕನ್ನಡವನ್ನ ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಕಲೀಲೇಬೇಕು.

ಗೋಕಾಕರು ಸುಮಾರು 35 ಸಾವಿರ ಸಾಲಿನ ‘ಭಾರತ ಸಿಂಧು ರಶ್ಮಿ’ ಮಹಾಕಾವ್ಯ ಬರೆದ್ರು. 1990ರ ಜ್ಞಾನಪೀಠ ಬಂತು, ಕನ್ನಡಕ್ಕೆ ಐದನೆಯದು. 1992ರ ಏಪ್ರಿಲ್ 28ರಂದು ಮುಂಬೈನಲ್ಲಿ ತೀರಿಕೊಂಡ್ರು.

ಇವತ್ತು ಸವಣೂರು, ಶಿಗ್ಗಾಂವ, ಹಾನಗಲ್ಲ, ಹಿರೇಕೆರೂರು ಎಲ್ಲಿ ನೋಡಿದ್ರೂ ಬೆಳಿಗ್ಗೆ ಹಳ್ಳಿ ದಾರಿಯಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸು. ಮಗನಿಗೆ ನೌಕರಿ ಸಿಗಲಿ ಅಂತ ಮೆಕ್ಕೆಜೋಳ ಮಾರಿ ಫೀ ಕಟ್ಟೋ ತಂದೆಯದು ತಪ್ಪಲ್ಲ. ಗೋಕಾಕರೂ ಇಂಗ್ಲಿಷಿನಿಂದಲೇ ಅನ್ನ ಉಂಡವರು. ಆದ್ರೆ ಆ ಮಗ ಅಪ್ಪನ ಪಹಣಿ, ಸೊಸೈಟಿಯ ಸಾಲದ ನೋಟಿಸು ಓದೋಕೆ ತಡವರಿಸಿದ್ರೆ ಕಲಿತದ್ದು ಯಾರಿಗೆ ಉಪಯೋಗ? ಇಂಗ್ಲಿಷ್ ಕಲಿಯೋಕೆ ಕನ್ನಡ ಬಿಡಬೇಕಿಲ್ಲ ಅನ್ನೋದಕ್ಕೆ ನಮ್ಮೂರಿನ ಈ ಇಂಗ್ಲಿಷ್ ಮಾಸ್ತರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸವಣೂರು ಅಂದ್ರೆ ಖಾರಾ, ವೀಳ್ಯದೆಲೆ, ದೊಡ್ಡಹುಣಸೆ ಮರ ಅಂತೀವಿ. ಆ ಸಾಲಿಗೆ ಗೋಕಾಕರ ಹೆಸರನ್ನೂ ಮಕ್ಕಳಿಗೆ ಹೇಳಿಕೊಡೋಣ.