ನೊರೆ ಎಬ್ಬಿಸಿ ನಿಂತ ಬೋಟ್: ಚಾರ್ಲ್ಸ್ ಪಾರ್ಸನ್ಸ್ ಕಥೆ

ಆರ್‌ಸಿ ಬೋಟ್ ಕಟ್ಟಿದವರಿಗೆಲ್ಲ ಈ ಅನುಭವ ಆಗಿರುತ್ತೆ. ಸ್ಪೀಡ್ ಸಾಲ್ತಿಲ್ಲ ಅಂತ ಹೆಚ್ಚು ಕೆವಿ ಇರೋ ಮೋಟರ್ ಹಾಕ್ತೀವಿ, ಒಂದು ಸೆಲ್ ಜಾಸ್ತಿ ಇರೋ ಬ್ಯಾಟರಿ ಕೂರಿಸ್ತೀವಿ. ಮೋಟರ್ ಕಿರುಚುತ್ತೆ, ಹಿಂದೆ ಬಿಳಿ ನೊರೆ ಏಳುತ್ತೆ, ಬೋಟ್ ಮಾತ್ರ ಮೊದಲಿನಷ್ಟೇ ಓಡುತ್ತೆ. ನಾಲ್ಕು ರೌಂಡ್ ಆಗೋದ್ರೊಳಗೆ ಫ್ಲೆಕ್ಸ್ ಶಾಫ್ಟ್ ತುಂಡಾಗಿರುತ್ತೆ. ಶಾಫ್ಟಿನ ಕಥೆ ಬಿಟ್ಟರೆ ಇದೇ ಪಾಡು 1894ರಲ್ಲಿ ಒಬ್ಬ ಎಂಜಿನಿಯರ್‌ಗೂ ಬಂದಿತ್ತು. ಅವನ ಬೋಟಿನ ಉದ್ದ 100 ಅಡಿ ದಾಟಿತ್ತು ಅನ್ನೋದೊಂದೇ ವ್ಯತ್ಯಾಸ. ಅವನ ಹೆಸರು ನಮಗೆ ಹೊಸದೇನಲ್ಲ. ಟರ್ಬೊಮಷಿನ್ಸ್ ಪೇಪರ್‌ನಲ್ಲಿ 50 ಪರ್ಸೆಂಟ್ ರಿಯಾಕ್ಷನ್ ಟರ್ಬೈನ್ ಅಂತ ವೆಲಾಸಿಟಿ ಟ್ರಯಾಂಗಲ್ ಬರೆದು ಮಾರ್ಕ್ಸ್ ತಗೋತೀವಲ್ಲ, ಆ ಪಾರ್ಸನ್ಸ್.

ಚಾರ್ಲ್ಸ್ ಆಲ್ಜರ್ನನ್ ಪಾರ್ಸನ್ಸ್ ಹುಟ್ಟಿದ್ದು 1854ರ ಜೂನ್ 13ರಂದು, ಲಂಡನ್ನಿನಲ್ಲಿ. ಬೆಳೆದದ್ದು ಐರ್ಲೆಂಡಿನ ಬರ್ ಕೋಟೆಯಲ್ಲಿ. ಅಪ್ಪ ಅಲ್ಲಿನ ಜಮೀನ್ದಾರ, ಜೊತೆಗೆ ಖಗೋಳ ವಿಜ್ಞಾನಿ. ಮನೆಯಂಗಳದಲ್ಲೇ ಕುಲುಮೆ ಹಾಕಿಸಿ, 72 ಇಂಚು ಅಗಲದ ಲೋಹದ ಕನ್ನಡಿ ಎರಕ ಹೊಯ್ದು, ಆ ಕಾಲದ ಜಗತ್ತಿನ ಅತಿ ದೊಡ್ಡ ದೂರದರ್ಶಕ ಕಟ್ಟಿದ್ದವನು. ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ, ಮನೆಗೇ ಮೇಷ್ಟ್ರುಗಳನ್ನು ಕರೆಸಿದ. ಹೀಗಾಗಿ ಚಾರ್ಲ್ಸ್‌ಗೆ ಗಣಿತವೂ ವರ್ಕ್‌ಶಾಪೂ ಒಟ್ಟಿಗೇ ಬಂದವು.

ಯಂತ್ರ ಅಂದರೆ ಬರೀ ಆಟವಲ್ಲ ಅನ್ನೋದೂ ಅವನಿಗೆ ಬೇಗ ಗೊತ್ತಾಯಿತು. 1869ರ ಆಗಸ್ಟ್ 31ರಂದು ಮನೆಯವರೇ ಕಟ್ಟಿದ್ದ ಉಗಿಗಾಡಿಯಲ್ಲಿ ಎಲ್ಲರೂ ಹೊರಟಿದ್ದರು. ಒಂದು ತಿರುವಿನಲ್ಲಿ ಬಂಧುವಾದ ಮೇರಿ ವಾರ್ಡ್ ಕೆಳಗೆ ಬಿದ್ದರು, ಗಾಡಿಯ ಚಕ್ರ ಅವರ ಮೇಲೆ ಹರಿಯಿತು. ಸೂಕ್ಷ್ಮದರ್ಶಕದ ಬಗ್ಗೆ ಪುಸ್ತಕ ಬರೆದು ಹೆಸರು ಮಾಡಿದ್ದ ಮೇರಿ ಸ್ಥಳದಲ್ಲೇ ತೀರಿಕೊಂಡರು. ಗಾಡಿಯಲ್ಲಿದ್ದ ಚಾರ್ಲ್ಸ್‌ಗೆ ಆಗ 15 ವರ್ಷ.

ಡಬ್ಲಿನ್ ಆಯಿತು, ಕೇಂಬ್ರಿಡ್ಜ್ ಆಯಿತು. 1877ರಲ್ಲಿ ಕೇಂಬ್ರಿಡ್ಜಿನ ಗಣಿತ ಪರೀಕ್ಷೆಯಲ್ಲಿ 11ನೇ ರ‍್ಯಾಂಕ್. ದೊಡ್ಡ ಮನೆತನದ ಹುಡುಗ, ಯಾವ ಕುರ್ಚಿ ಬೇಕಾದರೂ ಸಿಗ್ತಿತ್ತು. ಆತ ಹೋಗಿ ಸೇರಿದ್ದು ನ್ಯೂಕ್ಯಾಸಲ್‌ನ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಗೆ, ಅಪ್ರೆಂಟಿಸ್ ಆಗಿ.

1884ರಲ್ಲಿ ಕ್ಲಾರ್ಕ್ ಚಾಪ್‌ಮನ್ ಕಂಪನಿಯಲ್ಲಿ ಕಿರಿಯ ಪಾಲುದಾರನಾಗಿದ್ದಾಗ ಉಗಿ ಟರ್ಬೈನಿಗೆ ಪೇಟೆಂಟ್ ಪಡೆದ. ಉಗಿಯ ಒತ್ತಡವನ್ನು ಒಂದೇ ಏಟಿಗೆ ಇಳಿಸಿದರೆ ಅದು ವಿಪರೀತ ವೇಗದಲ್ಲಿ ನುಗ್ಗುತ್ತೆ, ಅಷ್ಟು ವೇಗಕ್ಕೆ ತಕ್ಕಂತೆ ತಿರುಗೋ ಚಕ್ರವನ್ನು ಆಗಿನ ಉಕ್ಕಿನಲ್ಲಿ ಮಾಡೋದು ಕಷ್ಟ. ಪಾರ್ಸನ್ಸ್ ಹೊರೆಯನ್ನು ಹಂಚಿದ. ಒಂದರ ಹಿಂದೊಂದು ಬ್ಲೇಡ್ ಸಾಲು ಜೋಡಿಸಿ, ಒಂದೊಂದು ಸಾಲಿನಲ್ಲೂ ಒತ್ತಡ ಚೂರು ಚೂರೇ ಇಳಿಯುವ ಹಾಗೆ ಮಾಡಿದ. ಅಷ್ಟಾದರೂ ಮೊದಲ ಯಂತ್ರ ನಿಮಿಷಕ್ಕೆ 18,000 ಸುತ್ತು ಹೊಡೀತು. ಆ ವೇಗದಲ್ಲಿ ಶಾಫ್ಟ್ ಕೂದಲೆಳೆಯಷ್ಟು ಬ್ಯಾಲೆನ್ಸ್ ತಪ್ಪಿದ್ದರೂ ಬೇರಿಂಗ್ ಉಳಿಯಲ್ಲ. ಅದಕ್ಕೆ ಬೇರಿಂಗನ್ನು ಬಿಗಿಯಾಗಿ ಹಿಡಿಯುವ ಬದಲು ಅದರ ಸುತ್ತ ಉಂಗುರಗಳನ್ನು ಜೋಡಿಸಿ, ಸ್ಪ್ರಿಂಗ್‌ನಿಂದ ಒತ್ತಿಸಿ, ಸ್ವಲ್ಪ ಅಲುಗಾಡಲು ಬಿಟ್ಟ. ಶಾಫ್ಟ್ ತನ್ನ ನಡುವನ್ನು ತಾನೇ ಕಂಡುಕೊಂಡು ತಿರುಗಿತು. ಉಂಗುರಗಳ ಉಜ್ಜಾಟ ನಡುಕವನ್ನು ನುಂಗಿತು.

1889ರಲ್ಲಿ ಪಾಲುದಾರಿಕೆ ಮುರಿಯಿತು. ಪಾರ್ಸನ್ಸ್ ಹೀಟನ್‌ನಲ್ಲಿ ಸ್ವಂತ ಕಾರ್ಖಾನೆ ಹಾಕಿದ, ಆದರೆ ಪೇಟೆಂಟ್ ಹಳೇ ಕಂಪನಿಯಲ್ಲೇ ಉಳಿಯಿತು. ತನ್ನ ಟರ್ಬೈನನ್ನು ತಾನೇ ಮಾಡೋ ಹಾಗಿಲ್ಲ! ಉಗಿ ನಡುವಿನಿಂದ ಹೊರಕ್ಕೆ ಹರಿಯುವ ಬೇರೆ ವಿನ್ಯಾಸದಲ್ಲಿ ಕೆಲಸ ಸಾಗಿಸಿದ. ಪೇಟೆಂಟ್ ವಾಪಸ್ ಸಿಗಲು ಸುಮಾರು ಐದು ವರ್ಷ ಬೇಕಾಯಿತು.

ಅಷ್ಟರಲ್ಲಿ ತಲೆಗೆ ಹಡಗು ಹೊಕ್ಕಿತ್ತು. ಶುರು ಮಾಡಿದ್ದು ಮಾದರಿ ದೋಣಿಯಿಂದ. 2 ಅಡಿ ಉದ್ದದ ದೋಣಿ ಮಾಡಿ, ಮೀನಿನ ಗಾಳದ ದಾರದಿಂದ ಕೊಳದಲ್ಲಿ ಎಳೆದು ನೋಡಿದ. ರಬ್ಬರ್ ಹುರಿ ಸುತ್ತಿ ಪ್ರೊಪೆಲ್ಲರ್ ತಿರುಗಿಸಿ ನೋಡಿದ. ಆಮೇಲೆ ಇನ್ನೂ ದೊಡ್ಡ ಮಾದರಿ ಮಾಡಿದ. ಮಾದರಿಯ ವೇಗವನ್ನು ದೊಡ್ಡ ಹಡಗಿಗೆ ಲೆಕ್ಕ ಹಾಕುವ ನಿಯಮವನ್ನು ವಿಲಿಯಂ ಫ್ರೂಡ್ ಆಗಲೇ ಕೊಟ್ಟಿದ್ದ. ಉದ್ದ 52 ಪಟ್ಟು ಆದರೆ ವೇಗ ಅದರ ವರ್ಗಮೂಲದಷ್ಟು, ಅಂದರೆ ಸುಮಾರು 7.2 ಪಟ್ಟು. ದೊಡ್ಡ ದೋಣಿ 34 ನಾಟ್ ಓಡಬೇಕಾದರೆ ಕೊಳದ ಮಾದರಿ ಸೆಕೆಂಡಿಗೆ ಎರಡೂವರೆ ಮೀಟರ್ ಹೋದರೆ ಸಾಕು.

ಟರ್ಬೈನಿಯಾ 1894ರ ಆಗಸ್ಟಿನಲ್ಲಿ ನೀರಿಗಿಳಿಯಿತು. ಉದ್ದ ಸುಮಾರು 104 ಅಡಿ, ಅಗಲ ಬರೀ 9 ಅಡಿ, ತೂಕ 44 ಟನ್ ಚಿಲ್ಲರೆ. ಒಂದು ಟರ್ಬೈನ್, ಒಂದು ಶಾಫ್ಟ್. ಎಂಜಿನ್ ಬೊಬ್ಬೆ ಹೊಡೀತು, ಪ್ರೊಪೆಲ್ಲರ್ ನೊರೆ ಎಬ್ಬಿಸಿತು. ಪ್ರೊಪೆಲ್ಲರ್ ಬದಲಾಯಿಸಿದ, ಮತ್ತೆ ಬದಲಾಯಿಸಿದ. ಏನು ಮಾಡಿದರೂ ದೋಣಿ 20 ನಾಟ್ ಮುಟ್ಟಲಿಲ್ಲ. ಹಳೇ ಪಿಸ್ಟನ್ ಎಂಜಿನ್ನಿನ ಯುದ್ಧನೌಕೆಗಳೇ ಅದಕ್ಕಿಂತ ಜೋರಾಗಿ ಓಡ್ತಿದ್ದವು. ಕಂಪನಿಗೆ ದುಡ್ಡು ಹಾಕಿದವರು ಕಾಯ್ತಾ ಇದ್ದರು.

ಇಲ್ಲಿ ನಾವಾಗಿದ್ದರೆ ಟರ್ಬೈನ್ ದೊಡ್ಡದು ಮಾಡ್ತಿದ್ದೆವೇನೋ. ಪಾರ್ಸನ್ಸ್ ಮೊದಲು ಅಳೆದ. ಎಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವೆ ಸ್ಪ್ರಿಂಗ್ ಇರುವ ಒಂದು ಟಾರ್ಕ್ ಮಾಪಕ ಕೂರಿಸಿದ. ಟರ್ಬೈನ್ ಕೊಡಬೇಕಾದಷ್ಟು ಶಕ್ತಿ ಕೊಡ್ತಾನೇ ಇತ್ತು. ಅದು ಶಾಫ್ಟಿನ ತುದಿವರೆಗೂ ಬಂದು ನೀರಲ್ಲಿ ಕಳೆದುಹೋಗ್ತಿತ್ತು.

ಕಾರಣ ಕ್ಯಾವಿಟೇಶನ್. ಬ್ಲೇಡು ತುಂಬಾ ಜೋರಾಗಿ ತಿರುಗಿದರೆ ಅದರ ಬೆನ್ನಿನ ಮೇಲೆ ಒತ್ತಡ ಕುಸಿಯುತ್ತೆ. ಒತ್ತಡ ಕಡಿಮೆಯಾದರೆ ನೀರು ತಣ್ಣಗಿದ್ದರೂ ಕುದಿಯುತ್ತೆ. ಆವಿಯ ಗುಳ್ಳೆಗಳು ಬ್ಲೇಡನ್ನು ಮುಚ್ಚುತ್ತವೆ. ಆಮೇಲೆ ಪ್ರೊಪೆಲ್ಲರ್ ತಳ್ಳೋದು ನೀರನ್ನಲ್ಲ, ಗುಳ್ಳೆಯನ್ನು. ಡೇರಿಂಗ್ ಅನ್ನೋ ಯುದ್ಧನೌಕೆ ಕಟ್ಟಿದವರಿಗೂ ಅದೇ ಹೊತ್ತಿಗೆ ಇದೇ ಕಾಟ ಕಾಣಿಸಿತ್ತು.

ಪಾರ್ಸನ್ಸ್‌ಗೆ ಅದನ್ನು ಕಣ್ಣಾರೆ ನೋಡಬೇಕಿತ್ತು. 1895ರಲ್ಲಿ ಒಂದು ಚಿಕ್ಕ ನೀರಿನ ಸುರಂಗ ಕಟ್ಟಿ, ಕಿಟಕಿ ಇಟ್ಟು, ಒಳಗೆ 2 ಇಂಚಿನ ಪ್ರೊಪೆಲ್ಲರ್ ತಿರುಗಿಸಿದ. ನೀರನ್ನು ಕುದಿಯೋ ಅಂಚಿನವರೆಗೆ ಕಾಯಿಸಿದ, ಹಾಗಾಗಿ ಕಡಿಮೆ ವೇಗದಲ್ಲೇ ಗುಳ್ಳೆ ಏಳ್ತಿದ್ದವು. ಆರ್ಕ್ ದೀಪದ ಬೆಳಕನ್ನು ತಿರುಗುವ ಕನ್ನಡಿಯಿಂದ ಮಿಂಚಿಸಿ ಓಡುವ ಬ್ಲೇಡನ್ನು ನಿಂತ ಹಾಗೆ ನೋಡಿದ. ಜಗತ್ತಿನ ಮೊದಲ ಕ್ಯಾವಿಟೇಶನ್ ಟನಲ್ ಅದೇ.

ಪರಿಹಾರ ಮತ್ತೆ ಹೊರೆ ಹಂಚೋದೇ. 1896ರಲ್ಲಿ ಹಳೇ ಟರ್ಬೈನ್ ಕಿತ್ತುಹಾಕಿ, ಹೆಚ್ಚು, ಮಧ್ಯಮ, ಕಡಿಮೆ ಒತ್ತಡದ ಮೂರು ಟರ್ಬೈನ್ ಸಾಲಾಗಿ ಜೋಡಿಸಿದ. ಮೂರು ಶಾಫ್ಟ್, ಒಂದೊಂದಕ್ಕೆ ಮೂರು ಪ್ರೊಪೆಲ್ಲರ್, ಒಟ್ಟು ಒಂಬತ್ತು. ಬ್ಲೇಡಿನ ಮೇಲಿನ ಭಾರ ಇಳಿಯಿತು. ಅದೇ ದೋಣಿ 34 ನಾಟ್ ದಾಟಿತು, ಅಂದರೆ ಗಂಟೆಗೆ 63 ಕಿಲೋಮೀಟರ್!

1897ರ ಜೂನ್ 26. ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವಕ್ಕೆ ಬ್ರಿಟನ್ನಿನ ನೌಕಾಪಡೆ ಸ್ಪಿಟ್‌ಹೆಡ್‌ನಲ್ಲಿ ಸಾಲುಗಟ್ಟಿ ನಿಂತಿತ್ತು. ಆ ಸಾಲುಗಳ ನಡುವೆ ಟರ್ಬೈನಿಯಾ ನುಗ್ಗಿ ಓಡಿತು. ಪಾರ್ಸನ್ಸ್ ಎಂಜಿನ್ ಹತ್ತಿರ ನಿಂತಿದ್ದ. ತಡೆಯಲು ಬಂದ ಕಾವಲು ದೋಣಿಗಳು ಹಿಂದೆ ಉಳಿದವು. ಅದಾದ ಮೇಲೆ ನೌಕಾಪಡೆಯಿಂದ ಆರ್ಡರ್ ಬಂತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರ್ತಿತ್ತು. ಟರ್ಬೈನಿನ ಮೊದಲ ಎರಡು ಯುದ್ಧನೌಕೆಗಳೂ 1901ರಲ್ಲೇ ಹೋದವು. ವೈಪರ್ ಮಂಜಿನಲ್ಲಿ ಬಂಡೆಗೆ ಹತ್ತಿತು. ಕೋಬ್ರಾ ಸೆಪ್ಟೆಂಬರಿನಲ್ಲಿ ಸಮುದ್ರದ ನಡುವೆ ಎರಡು ತುಂಡಾಯಿತು. ಸತ್ತವರು 67 ಜನ, ಅವರಲ್ಲಿ ಪಾರ್ಸನ್ಸ್ ಕಾರ್ಖಾನೆಯ ಕೆಲಸಗಾರರೂ ಇದ್ದರು. ಹಡಗಿನ ಒಡಲು ದುರ್ಬಲವಾಗಿತ್ತು ಅಂತ ವಿಚಾರಣೆ ಹೇಳಿತು, ಟರ್ಬೈನಿನ ತಪ್ಪು ಸಿಗಲಿಲ್ಲ. ಆದರೆ ಜೊತೆಗೆ ಕೆಲಸ ಮಾಡಿದವರು ವಾಪಸ್ ಬರಲಿಲ್ಲ. ಪಾರ್ಸನ್ಸ್ ಕೆಲಸ ಬಿಡಲಿಲ್ಲ. 1906ರಲ್ಲಿ ಡ್ರೆಡ್‌ನಾಟ್, 1907ರಲ್ಲಿ ಮಾರಿಟೇನಿಯಾ, ಎರಡೂ ಅವನ ಟರ್ಬೈನಿನಲ್ಲೇ ಓಡಿದವು.

ಇನ್ನೂ ಒಂದು ಜಗಳ ಬಾಕಿ ಇತ್ತು. ಟರ್ಬೈನಿಗೆ ಜೋರಾಗಿ ತಿರುಗಿದರೆ ಸುಖ, ಪ್ರೊಪೆಲ್ಲರಿಗೆ ನಿಧಾನವಾಗಿ ತಿರುಗಿದರೆ ಸುಖ. ಇಬ್ಬರನ್ನೂ ಒಂದೇ ಶಾಫ್ಟಿಗೆ ಕಟ್ಟಿದರೆ ಇಬ್ಬರಿಗೂ ನಷ್ಟ. ಪಾರ್ಸನ್ಸ್ ವೆಸ್ಪೇಸಿಯನ್ ಅನ್ನೋ ಹಳೇ ಸರಕು ಹಡಗು ಕೊಂಡ. ಮೊದಲು ಅದರ ಹಳೇ ಎಂಜಿನ್ನನ್ನೇ ರಿಪೇರಿ ಮಾಡಿಸಿ, ಎಷ್ಟು ಕಲ್ಲಿದ್ದಲು ತಿನ್ನುತ್ತೆ ಅಂತ ಅಳೆದ. ಆಮೇಲೆ ಬಾಯ್ಲರ್, ಪ್ರೊಪೆಲ್ಲರ್ ಹಾಗೇ ಇಟ್ಟು, ಟರ್ಬೈನ್ ಮತ್ತು ಸುಮಾರು 20:1 ಗೇರ್ ಹಾಕಿದ. ಸುಮಾರು 15 ಪರ್ಸೆಂಟ್ ಕಲ್ಲಿದ್ದಲು ಉಳಿಯಿತು. ಗೇರ್ ಕೂಗಾಡಿದಾಗ ದೋಷ ಹುಡುಕುತ್ತಾ ಹಲ್ಲು ಕೊರೆಯುವ ಯಂತ್ರದವರೆಗೂ ಹೋದ. ಆ ಯಂತ್ರದ ಮುಖ್ಯ ಚಕ್ರದ ಸಣ್ಣ ತಪ್ಪುಗಳು ಪ್ರತಿ ಗೇರಿನಲ್ಲೂ ಒಂದೇ ಸಾಲಿನಲ್ಲಿ ಅಚ್ಚಾಗ್ತಿದ್ದವು. ಕೊರೆಯುವ ಮೇಜು ಆ ಚಕ್ರಕ್ಕಿಂತ ಒಂಚೂರು ಬೇರೆ ವೇಗದಲ್ಲಿ ತಿರುಗುವ ಹಾಗೆ ಮಾಡಿ ತಪ್ಪನ್ನು ಸುತ್ತಲೂ ಚದುರಿಸಿದ. ಇಲ್ಲೂ ಹಂಚಿಕೆಯೇ.

ಮಗ ಆಲ್ಜರ್ನನ್ 1918ರಲ್ಲಿ ಯುದ್ಧದಲ್ಲಿ ಸತ್ತ. ಹೆಂಡತಿ ಕ್ಯಾಥರೀನ್ ಮತ್ತು ಮಗಳು ರೇಚಲ್ 1919ರಲ್ಲಿ ಮಹಿಳಾ ಎಂಜಿನಿಯರುಗಳ ಸಂಘ ಕಟ್ಟಿದವರಲ್ಲಿ ಮುಖ್ಯರು. ಅದೇ ವರ್ಷ ಪಾರ್ಸನ್ಸ್, ಪ್ರೊಪೆಲ್ಲರ್ ಬ್ಲೇಡುಗಳು ಯಾಕೆ ಗುಳಿ ಬಿದ್ದು ಸವೆಯುತ್ತವೆ ಅನ್ನೋದರ ಬಗ್ಗೆ ಸಹೋದ್ಯೋಗಿಯ ಜೊತೆ ಪ್ರಬಂಧ ಪ್ರಕಟಿಸಿದ. ಕ್ಯಾವಿಟೇಶನ್ ಗುಳ್ಳೆಗಳು ಒಡೆಯುವಾಗ ಲೋಹವನ್ನೇ ಕೆತ್ತುತ್ತವೆ ಅಂತ ಅದರಲ್ಲಿತ್ತು. 25 ವರ್ಷದ ಹಿಂದಿನ ನೊರೆಯನ್ನು ಆತ ಇನ್ನೂ ಮರೆತಿರಲಿಲ್ಲ.

1931ರ ಫೆಬ್ರವರಿ 11ರಂದು ಜಮೈಕಾದ ಕಿಂಗ್‌ಸ್ಟನ್ ಬಂದರಿನಲ್ಲಿ, ಹಡಗಿನ ಮೇಲೆಯೇ ಪಾರ್ಸನ್ಸ್ ತೀರಿಕೊಂಡ. ಟರ್ಬೈನಿಯಾ ಇವತ್ತಿಗೂ ನ್ಯೂಕ್ಯಾಸಲ್‌ನ ಡಿಸ್ಕವರಿ ಮ್ಯೂಸಿಯಂನಲ್ಲಿದೆ.

ನಮ್ಮ ಬೋಟಿಗೆ ಬರೋಣ. ಮುಂದಿನ ಸಲ ನೊರೆ ಎದ್ದು ಸ್ಪೀಡ್ ಏರದಿದ್ದರೆ ಹೊಸ ಮೋಟರ್ ಆರ್ಡರ್ ಮಾಡೋ ಮುಂಚೆ ವಾಟ್ ಮೀಟರ್ ಹಾಕಿ, ಜಿಪಿಎಸ್ ಸ್ಪೀಡಿನ ಪಕ್ಕ ಬರೆದಿಡಿ. ಪ್ರೊಪೆಲ್ಲರ್ ಅಂಚು ಚೂಪು ಮಾಡಿ, ಬ್ಯಾಲೆನ್ಸ್ ನೋಡಿ, ಸ್ಟ್ರಟ್ ಎತ್ತರ ಒಂದೊಂದೇ ಮಿಲಿಮೀಟರ್ ಬದಲಿಸಿ. ಪ್ರತಿ ಓಟದ ನಂತರ ಫ್ಲೆಕ್ಸ್ ಶಾಫ್ಟ್ ಹೊರಗೆಳೆದು ಒರೆಸಿ ಗ್ರೀಸ್ ಹಚ್ಚಿ. ಲೋಡ್ ಬಿದ್ದಾಗ ಅದು ತಿರುಚಿಕೊಂಡು ಗಿಡ್ಡವಾಗುತ್ತೆ, ಅದಕ್ಕೆ ಸ್ಟ್ರಟ್ಟಿಗೂ ಡ್ರೈವ್ ಡಾಗಿಗೂ ನಡುವೆ ಎರಡು ಮೂರು ಮಿಲಿಮೀಟರ್ ಜಾಗ ಬಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ವೆಸ್ಪೇಸಿಯನ್ನಿನಲ್ಲಿ ಪಾರ್ಸನ್ಸ್ ಮಾಡಿದ ಹಾಗೆ.