ಯೋಹಾನ್ ಫಾನ್ ಮಿಕುಲಿಚ್-ರಾಡೆಟ್ಸ್ಕಿ

ಯೋಹಾನ್ ಫಾನ್ ಮಿಕುಲಿಚ್-ರಾಡೆಟ್ಸ್ಕಿ (1850–1905) ಯುರೋಪಿನ ಹೆಸರಾಂತ ಶಸ್ತ್ರವೈದ್ಯರು. ಬಾಯಿಯ ಮೂಲಕ ಕೊಳವೆಯನ್ನು ಇಳಿಸಿ ಜಠರದ ಒಳಭಾಗವನ್ನು ನೋಡುವ ವಿಧಾನವನ್ನು ರೋಗಪರೀಕ್ಷೆಗೆ ಬಳಸಿದ ಮೊದಲಿಗರಲ್ಲಿ ಇವರು ಪ್ರಮುಖರು.

ಜನನ ಮತ್ತು ಶಿಕ್ಷಣ

ಮಿಕುಲಿಚ್ ಅವರು 1850ರ ಮೇ 16ರಂದು ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಚೆರ್ನೊವಿಟ್ಸ್ ಪಟ್ಟಣದಲ್ಲಿ ಜನಿಸಿದರು. ಈ ಊರು ಈಗ ಉಕ್ರೇನ್ ದೇಶದಲ್ಲಿದೆ. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ 1875ರಲ್ಲಿ ವೈದ್ಯ ಪದವಿ ಪಡೆದು, ಪ್ರಸಿದ್ಧ ಶಸ್ತ್ರವೈದ್ಯ ಥಿಯೊಡೋರ್ ಬಿಲ್ರೋಟ್ ಅವರ ಸಹಾಯಕರಾದರು. ಇವರು ಪಿಯಾನೊ ವಾದನದಲ್ಲಿಯೂ ಪರಿಣತರಾಗಿದ್ದರು.

ಜಠರದರ್ಶಕ

ಜರ್ಮನಿಯ ಅಡಾಲ್ಫ್ ಕುಸ್ಮೌಲ್ ಅವರು 1868ರಲ್ಲಿ ಕತ್ತಿ ನುಂಗುವ ಕಲಾವಿದನೊಬ್ಬನ ನೆರವಿನಿಂದ ಜಠರವನ್ನು ನೋಡಲು ಯತ್ನಿಸಿದ್ದರಾದರೂ ಬೆಳಕು ಸಾಲದಾಗಿತ್ತು. 1881ರಲ್ಲಿ ಮಿಕುಲಿಚ್ ಅವರು ಉಪಕರಣ ತಯಾರಕ ಯೋಸೆಫ್ ಲೈಟರ್ ಅವರೊಡನೆ ಹೊಸ ಜಠರದರ್ಶಕವನ್ನು ರೂಪಿಸಿದರು. ಅದರ ಕೊಳವೆ ಸುಮಾರು 30 ಡಿಗ್ರಿಯಷ್ಟು ಬಾಗಿತ್ತು. ವಿದ್ಯುತ್ತಿನಿಂದ ಕಾದು ಬೆಳಗುವ ಪ್ಲಾಟಿನಂ ತಂತಿಯನ್ನು ನೀರು ಹರಿಸಿ ತಂಪಾಗಿಡಲಾಗುತ್ತಿತ್ತು. ಅದೇ ವರ್ಷದ ಜನವರಿ 29ರಂದು ಬಿಲ್ರೋಟ್ ಅವರು ಕ್ಯಾನ್ಸರ್ ಪೀಡಿತ ಜಠರದ ಭಾಗವನ್ನು ಕತ್ತರಿಸಿ ತೆಗೆದರು. ರೋಗಿ ಬದುಕುಳಿದ ಮೊದಲ ಇಂತಹ ಶಸ್ತ್ರಚಿಕಿತ್ಸೆ ಇದು. ಆದರೆ ಕ್ಯಾನ್ಸರ್ ಮರುಕಳಿಸಿ ಆ ರೋಗಿ ಕೆಲವೇ ತಿಂಗಳಲ್ಲಿ ನಿಧನರಾದರು. ರೋಗವನ್ನು ಬೇಗನೆ ಕಂಡುಹಿಡಿಯುವ ಅಗತ್ಯವನ್ನು ಇದು ಸ್ಪಷ್ಟಪಡಿಸಿತು.

ವೃತ್ತಿಜೀವನ

ಮಿಕುಲಿಚ್ ಅವರು 1882ರಲ್ಲಿ ಕ್ರಾಕೋವ್, 1887ರಲ್ಲಿ ಕೋನಿಗ್ಸ್‌ಬರ್ಗ್ ಹಾಗೂ 1890ರಲ್ಲಿ ಬ್ರೆಸ್ಲೌ ನಗರಗಳಲ್ಲಿ ಪ್ರಾಧ್ಯಾಪಕರಾದರು. ಗಾಯದ ಕುಳಿಯಲ್ಲಿ ಗಾಜ್ ಬಟ್ಟೆಯನ್ನು ಒತ್ತಿ ತುಂಬಿ ರಕ್ತಸ್ರಾವವನ್ನು ತಡೆಯುವ ವಿಧಾನಕ್ಕೆ ಇವರ ಹೆಸರಿದೆ. 1897ರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಮುಖಗವಸು ಧರಿಸುವುದನ್ನು ಬಳಕೆಗೆ ತಂದರು.

ನಿಧನ

ಜೀವನವಿಡೀ ಜಠರ ರೋಗಗಳಿಗೆ ಚಿಕಿತ್ಸೆ ನೀಡಿದ ಮಿಕುಲಿಚ್ ಅವರಿಗೆ ಕೊನೆಗೆ ಜಠರದ ಕ್ಯಾನ್ಸರ್ ತಗುಲಿತು. ಗಡ್ಡೆಯನ್ನು ತೆಗೆಯಲಾಗದ ಹಂತಕ್ಕೆ ರೋಗ ತಲುಪಿತ್ತು. 1905ರ ಜೂನ್ ತಿಂಗಳಲ್ಲಿ ಬ್ರೆಸ್ಲೌನಲ್ಲಿ ನಿಧನರಾದರು.

ನಂತರದ ಬೆಳವಣಿಗೆ

ಮಿಕುಲಿಚ್ ಅವರ ಗಡುಸಾದ ಕೊಳವೆಯ ಸ್ಥಾನವನ್ನು 1957ರ ನಂತರ ಬಾಗುವ ನಾರುದ್ಯುತಿ ಎಂಡೋಸ್ಕೋಪ್ ತುಂಬಿತು. 1990ರ ದಶಕದಲ್ಲಿ ಜಪಾನಿನ ವೈದ್ಯರು ಆರಂಭಿಕ ಹಂತದ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಲೋಳೆಪೊರೆಯ ಅಡಿಯ ಪದರದಿಂದ ಬಿಡಿಸಿ ಇಡಿಯಾಗಿ ತೆಗೆಯುವ ವಿಧಾನವನ್ನು ಬೆಳೆಸಿದರು. ಆ ಪದರದಲ್ಲಿ ರಕ್ತನಾಳಗಳು ಹೆಚ್ಚಾಗಿರುವುದರಿಂದ ರಕ್ತಸ್ರಾವವೇ ಈ ಚಿಕಿತ್ಸೆಯ ಮುಖ್ಯ ಅಪಾಯಗಳಲ್ಲಿ ಒಂದು. ಚಿಕಿತ್ಸೆಯ ನಡುವೆ ಒಸರುವ ರಕ್ತವನ್ನು ವಿದ್ಯುತ್ ಶಾಖದಿಂದ ಅಥವಾ ಲೋಹದ ಕ್ಲಿಪ್ಪುಗಳಿಂದ ನಿಲ್ಲಿಸಲಾಗುತ್ತದೆ. ಗಡ್ಡೆ ತೆಗೆದ ಜಾಗದಲ್ಲಿ ಉಳಿಯುವ ಹುಣ್ಣು ಮಾಯಲು ಕೆಲವು ವಾರಗಳು ಬೇಕು. ಆ ಅವಧಿಯಲ್ಲಿ, ರೋಗಿ ಮನೆಗೆ ಮರಳಿದ ಮೇಲೂ, ರಕ್ತ ಒಸರಬಹುದು. ಕಪ್ಪಾದ ಅಂಟು ಮಲ, ರಕ್ತವಾಂತಿ ಮತ್ತು ತಲೆಸುತ್ತು ಇದರ ಲಕ್ಷಣಗಳು. ದೊಡ್ಡ ಗಡ್ಡೆಯಿದ್ದವರಲ್ಲಿ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಸೇವಿಸುವವರಲ್ಲಿ ಅಪಾಯ ಹೆಚ್ಚು. ಆದರೆ ಈ ಔಷಧಿಯನ್ನು ಏಕಾಏಕಿ ನಿಲ್ಲಿಸಿದರೆ ಹೃದಯಾಘಾತ ಅಥವಾ ಪಾರ್ಶ್ವವಾಯು ಉಂಟಾಗಬಹುದಾದ್ದರಿಂದ, ಎರಡೂ ಅಪಾಯಗಳನ್ನು ತೂಗಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಹುಣ್ಣು ಬೇಗ ಮಾಯಲು ಆಮ್ಲವನ್ನು ತಗ್ಗಿಸುವ ಔಷಧಿ ನೀಡಲಾಗುತ್ತದೆ.