ರುಡಾಲ್ಫ್ ಡೀಸೆಲ್

ಹಗಲಿರುಳೆನ್ನದೆ ಹೆದ್ದಾರಿಗಳಲ್ಲಿ ಸಾಗುವ ಲಾರಿಗಳನ್ನು ನೋಡದವರಿಲ್ಲ. ಅವುಗಳ ಹೊಟ್ಟೆಗೆ ಆಹಾರವಾದ ಡೀಸೆಲ್ ಎಣ್ಣೆಯ ಹೆಸರನ್ನು ಕೇಳದವರೂ ಇಲ್ಲ. ಆದರೆ ಅದು ಮೂಲತಃ ಒಬ್ಬ ಮನುಷ್ಯನ ಹೆಸರೆಂಬುದು ಬಹು ಮಂದಿಗೆ ತಿಳಿಯದು. ಉರಿಸಿದ ಇಂಧನದ ಒಂದು ಹನಿಯೂ ವ್ಯರ್ಥವಾಗಬಾರದೆಂಬ ಹಂಬಲದಿಂದ ತನ್ನ ಆಯುಷ್ಯವನ್ನೇ ಸವೆಸಿದ ಆ ಮಹನೀಯನೇ ರುಡಾಲ್ಫ್ ಡೀಸೆಲ್.

ಡೀಸೆಲ್ ಹುಟ್ಟಿದ್ದು 1858ನೆಯ ಇಸವಿ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆತಾಯಿಗಳು ಜರ್ಮನಿಯ ಬವೇರಿಯ ಪ್ರಾಂತದವರು. ತಂದೆ ಥಿಯೊಡೋರ್ ಚರ್ಮದ ವಸ್ತುಗಳನ್ನು ತಯಾರಿಸಿ ಮಾರುವ ಕುಶಲಕರ್ಮಿ. ಮನೆಯಲ್ಲಿ ಸಿರಿತನವಿರಲಿಲ್ಲ. ಸಿದ್ಧವಾದ ವಸ್ತುಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸುವ ಕೆಲಸ ಬಾಲಕ ರುಡಾಲ್ಫನ ಪಾಲಿಗೆ ಬಂದಿತ್ತು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಾಗ, ಜರ್ಮನ್ ಮೂಲದವರಾದ ಈ ಕುಟುಂಬದವರು ಪ್ಯಾರಿಸನ್ನು ತೊರೆದು ಲಂಡನ್ನಿಗೆ ವಲಸೆ ಹೋಗಬೇಕಾಯಿತು. ಅಲ್ಲಿ ಜೀವನ ಇನ್ನಷ್ಟು ಕಷ್ಟವಾದುದರಿಂದ, ಹನ್ನೆರಡು ವರ್ಷದ ಹುಡುಗನನ್ನು ಜರ್ಮನಿಯ ಆಗ್ಸ್‌ಬರ್ಗಿನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನರು ಗಣಿತದ ಉಪಾಧ್ಯಾಯರು. ಅವರ ಆಶ್ರಯದಲ್ಲಿ ಹುಡುಗನ ವಿದ್ಯೆ ಚಿಗುರಿತು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ತಾನು ಎಂಜಿನಿಯರಾಗುವೆನೆಂದು ಅವನು ತಂದೆತಾಯಿಗಳಿಗೆ ಪತ್ರ ಬರೆದನು. ಮಗ ಬೇಗನೆ ಸಂಪಾದನೆಗೆ ತೊಡಗಲೆಂಬುದು ಅವರ ಬಯಕೆಯಾಗಿತ್ತು. ಆದರೂ ತರಗತಿಗೆ ಮೊದಲಿಗನಾಗಿ ತೇರ್ಗಡೆಯಾದ ರುಡಾಲ್ಫ್ ವಿದ್ಯಾರ್ಥಿವೇತನವನ್ನು ಪಡೆದು, 1875ರಲ್ಲಿ ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಲಯವನ್ನು ಸೇರಿದನು.

ಅಲ್ಲಿ ಅವನಿಗೆ ದೊರೆತ ಗುರು ಕಾರ್ಲ್ ವಾನ್ ಲಿಂಡೆ. ಶೈತ್ಯಯಂತ್ರಗಳ ನಿರ್ಮಾಣದಲ್ಲಿ ಹೆಸರುವಾಸಿಯಾಗಿದ್ದ ಲಿಂಡೆಯವರ ಪಾಠಗಳು ಶಿಷ್ಯನ ಮನಸ್ಸಿನಲ್ಲಿ ಅಳಿಸಲಾಗದ ಗುರುತನ್ನು ಮೂಡಿಸಿದವು. ಉಗಿಯಂತ್ರವು ಇಂಧನದಲ್ಲಿರುವ ಉಷ್ಣದ ನೂರು ಭಾಗಗಳಲ್ಲಿ ಹೆಚ್ಚೆಂದರೆ ಹತ್ತು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತದೆ; ಉಳಿದುದೆಲ್ಲ ವ್ಯರ್ಥ. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿಯೇ ಪ್ರಕಟಿಸಿದ್ದ ಸಿದ್ಧಾಂತದ ಪ್ರಕಾರ ಇದಕ್ಕಿಂತ ಬಹುಪಾಲು ಹೆಚ್ಚಿನ ದಕ್ಷತೆ ಸಾಧ್ಯವಿತ್ತು. ನೂರು ಗಾಡಿ ಕಲ್ಲಿದ್ದಲನ್ನು ಉರಿಸಿ ತೊಂಬತ್ತು ಗಾಡಿಯನ್ನು ಗಾಳಿಗೆ ತೂರುವ ಈ ದುಂದುಗಾರಿಕೆಯನ್ನು ತಪ್ಪಿಸುವ ಯಂತ್ರವೊಂದನ್ನು ರಚಿಸಬೇಕೆಂಬ ಸಂಕಲ್ಪ ಡೀಸೆಲ್‌ನಲ್ಲಿ ಅಂದು ಬೇರೂರಿತು.

ವಿಷಮಶೀತಜ್ವರದಿಂದಾಗಿ ಪರೀಕ್ಷೆ ತಪ್ಪಿದರೂ, 1880ರಲ್ಲಿ ಅವನು ಉನ್ನತ ಶ್ರೇಣಿಯಲ್ಲಿ ಉತ್ತೀರ್ಣನಾದನು. ಬಳಿಕ ಪ್ಯಾರಿಸ್ಸಿನಲ್ಲಿ ಗುರುವಿನ ಮಂಜುಗಡ್ಡೆಯ ಕಾರ್ಖಾನೆಯ ಹೊಣೆಯನ್ನು ಹೊತ್ತನು. 1883ರಲ್ಲಿ ಮಾರ್ಥಾ ಎಂಬಾಕೆಯನ್ನು ವಿವಾಹವಾದನು. ಅವರಿಗೆ ಮೂವರು ಮಕ್ಕಳಾದರು. ಜೀವನೋಪಾಯದ ಕೆಲಸ ಸಾಗುತ್ತಿದ್ದರೂ ಯಂತ್ರದ ಚಿಂತೆ ಅವನನ್ನು ಬಿಡಲಿಲ್ಲ. ಉಗಿಗೆ ಬದಲಾಗಿ ಅಮೋನಿಯದ ಆವಿಯನ್ನು ಬಳಸಿ ನಡೆಸಿದ ಪ್ರಯೋಗವೊಂದರಲ್ಲಿ ಯಂತ್ರ ಸಿಡಿದು, ಅವನು ಸಾವಿನ ದವಡೆಯಿಂದ ಪಾರಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಇರಬೇಕಾಯಿತು. ಆದರೂ ಛಲ ಕುಗ್ಗಲಿಲ್ಲ.

ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನಾವೆಲ್ಲ ಬಲ್ಲೆವು. ಒತ್ತಿದ ಗಾಳಿ ಕಾಯುತ್ತದೆ ಎಂಬ ಈ ಸರಳ ತತ್ತ್ವವೇ ಡೀಸೆಲ್ಲನ ಯಂತ್ರಕ್ಕೆ ತಳಹದಿ. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ಸೆಳೆದು, ಅದನ್ನು ಅತ್ಯಂತ ಬಿಗಿಯಾಗಿ ಒತ್ತಿದರೆ ಅದು ಕೆಂಡದಂತೆ ಕಾಯುತ್ತದೆ. ಆಗ ಇಂಧನವನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಗಾಳಿಯನ್ನು ಹೆಚ್ಚು ಒತ್ತಿದಷ್ಟೂ ಯಂತ್ರದ ದಕ್ಷತೆಯೂ ಹೆಚ್ಚುತ್ತದೆ. ಈ ತತ್ತ್ವಕ್ಕೆ 1893ರಲ್ಲಿ ಡೀಸೆಲ್ ಹಕ್ಕುಪತ್ರವನ್ನು ಪಡೆದನು. ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯೂ ಹೆಸರಾಂತ ಕ್ರುಪ್ ಸಂಸ್ಥೆಯೂ ಅವನ ಬೆಂಬಲಕ್ಕೆ ನಿಂತವು.

ಕಾಗದದ ಮೇಲಿನ ಲೆಕ್ಕ ಕಬ್ಬಿಣದಲ್ಲಿ ರೂಪುಗೊಳ್ಳುವುದು ಸುಲಭವಾಗಿರಲಿಲ್ಲ. 1893ರ ಆಗಸ್ಟ್ 10ರ ಮೊದಲ ಪರೀಕ್ಷೆಯಲ್ಲಿ ಒತ್ತಡವನ್ನು ಅಳೆಯುವ ಉಪಕರಣವೇ ಸಿಡಿದು ಚೂರಾಯಿತು. ಆದರೂ ಇಂಧನ ತಾನಾಗಿ ಹೊತ್ತಿಕೊಂಡಿತ್ತು! ತತ್ತ್ವ ಸತ್ಯವೆಂಬುದು ಅದರಿಂದ ದೃಢಪಟ್ಟಿತು. 1894ರ ಫೆಬ್ರುವರಿ 17ರಂದು ಯಂತ್ರವು ಸ್ವಂತ ಬಲದಿಂದ ಸುಮಾರು ಒಂದು ನಿಮಿಷ ಓಡಿತು. ಮತ್ತೆ ಮೂರು ವರ್ಷಗಳ ಅವಿರತ ದುಡಿಮೆಯ ಬಳಿಕ, 1897ರಲ್ಲಿ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಅದನ್ನು ಪರೀಕ್ಷಿಸಿದರು. ಸುಮಾರು 20 ಅಶ್ವಶಕ್ತಿಯ ಆ ಎಂಜಿನು ಉಷ್ಣದ ಶೇಕಡಾ 26.2 ಭಾಗವನ್ನು ಕೆಲಸವಾಗಿ ಮಾರ್ಪಡಿಸಿತ್ತು. ಸಾಧಾರಣ ಉಗಿಯಂತ್ರದ ದಕ್ಷತೆಗೆ ಇದು ಎರಡೂವರೆ ಪಟ್ಟಿಗೂ ಮಿಗಿಲು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನಿಗೆ ಪರಮೋಚ್ಚ ಪ್ರಶಸ್ತಿ ಲಭಿಸಿತು. ಅಲ್ಲಿಯೇ ಒಂದು ಎಂಜಿನು ಕಡಲೆಕಾಯಿ ಎಣ್ಣೆಯಿಂದಲೂ ಓಡಿ ನೋಡಿದವರನ್ನು ಬೆರಗುಗೊಳಿಸಿತು. ನಮ್ಮ ನಾಡಿನಲ್ಲಿ ಹೊಂಗೆ ಎಣ್ಣೆಯಿಂದ ಎಂಜಿನುಗಳನ್ನು ನಡೆಸಿದವರು ತುಳಿದದ್ದು ಇದೇ ಹಾದಿಯನ್ನು.

ಕೀರ್ತಿಯೊಡನೆ ಸಂಪತ್ತೂ ಬಂದಿತು. ಆದರೆ ನೆಮ್ಮದಿ ದೂರವಾಯಿತು. ಮೊದಮೊದಲು ಮಾರಾಟವಾದ ಎಂಜಿನುಗಳಲ್ಲಿ ದೋಷಗಳು ತಲೆದೋರಿದವು. ಹಕ್ಕುಪತ್ರದ ವ್ಯಾಜ್ಯಗಳು ಅವನನ್ನು ಹಣ್ಣುಮಾಡಿದವು. ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟಿತು; ಭೂಮಿಯ ವ್ಯವಹಾರದಲ್ಲಿ ಹಾಕಿದ ಹಣ ಮುಳುಗಿತು. ಸಣ್ಣ ಕುಶಲಕರ್ಮಿಗಳು ದೊಡ್ಡ ಕಾರ್ಖಾನೆಗಳೆದುರು ತಲೆಯೆತ್ತಿ ನಿಲ್ಲಲು ತನ್ನ ಯಂತ್ರ ನೆರವಾಗಲೆಂದು ಆ ಕುಶಲಕರ್ಮಿಯ ಮಗ ಹಾರೈಸಿದ್ದನು. ಆದರೆ ಭಾರವಾದ ಆ ಯಂತ್ರ ಮೊದಲು ಸೇರಿದ್ದು ದೊಡ್ಡ ಕಾರ್ಖಾನೆಗಳನ್ನೂ ಹಡಗುಗಳನ್ನೂ.

1913ರ ಸೆಪ್ಟೆಂಬರ್ 29ರ ಸಂಜೆ ಡೀಸೆಲ್ ಇಂಗ್ಲೆಂಡಿಗೆ ಹೋಗಲು ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನೇರಿದನು. ರಾತ್ರಿಯ ಊಟ ಮುಗಿಸಿ, ಬೆಳಗ್ಗೆ ಎಬ್ಬಿಸುವಂತೆ ಹೇಳಿ ಕೋಣೆಗೆ ತೆರಳಿದನು. ಬೆಳಗಾದಾಗ ಕೋಣೆ ಬರಿದಾಗಿತ್ತು. ಹಾಸಿಗೆಯಲ್ಲಿ ಯಾರೂ ಮಲಗಿದ ಗುರುತಿರಲಿಲ್ಲ. ಕೆಲವು ದಿನಗಳ ಬಳಿಕ ಸಮುದ್ರದಲ್ಲಿ ದೊರೆತ ದೇಹದ ಮೇಲಿನ ವಸ್ತುಗಳನ್ನು ಮಗ ಯೂಜೆನ್ ಗುರುತಿಸಿದನು. ಆ ಸಾವಿನ ರಹಸ್ಯ ಇಂದಿಗೂ ಬಯಲಾಗಿಲ್ಲ.

ಮಡಿದವನು ಮನುಷ್ಯ, ಅವನ ಯಂತ್ರವಲ್ಲ. 1920ರ ದಶಕದಲ್ಲಿ ಅದು ಲಾರಿಗಳನ್ನೂ 1936ರಲ್ಲಿ ಕಾರನ್ನೂ ಏರಿತು. ಡೀಸೆಲ್ ಬದುಕಿದ್ದಾಗಲೇ, 1903ರಲ್ಲಿ, ವೋಲ್ಗಾ ನದಿಯಲ್ಲಿ ಸಂಚರಿಸಿದ ವಾಂಡಲ್ ಎಂಬ ಹಡಗಿನಲ್ಲಿ ಅವನ ಎಂಜಿನು ವಿದ್ಯುತ್ತನ್ನು ಉತ್ಪಾದಿಸಿ, ಆ ವಿದ್ಯುತ್ತಿನ ಮೋಟಾರುಗಳು ಹಡಗನ್ನು ನಡೆಸಿದ್ದವು. ಎಂಜಿನನ್ನೂ ವಿದ್ಯುತ್ ಮೋಟಾರನ್ನೂ ಒಂದುಗೂಡಿಸಿದ ಹೈಬ್ರಿಡ್ ಕಾರುಗಳು ಇಂದು ಬಳಕೆಗೆ ಬಂದಿವೆ. ಊರೊಳಗೆ ಅಡಿಗಡಿಗೆ ನಿಂತು ಹೊರಡುವಾಗ, ಬ್ರೇಕು ಹಾಕಿದಾಗ ನಷ್ಟವಾಗುವ ಶಕ್ತಿಯಲ್ಲಿ ಒಂದು ಪಾಲನ್ನು ಅವು ಬ್ಯಾಟರಿಯಲ್ಲಿ ಕೂಡಿಡುತ್ತವೆ. ಆದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ದೂರ ಸಾಗುವಾಗ ಬ್ರೇಕಿನ ಕೆಲಸ ಅಪರೂಪ. ಆಗ ಉಳಿತಾಯವು ಬಹುಮಟ್ಟಿಗೆ ಎಂಜಿನಿನ ದಕ್ಷತೆಯನ್ನೇ ಅವಲಂಬಿಸುತ್ತದೆ. ಅಂತಹ ಕೆಲವು ಕಾರುಗಳ ಪೆಟ್ರೋಲ್ ಎಂಜಿನಿನ ದಕ್ಷತೆ ಶೇಕಡಾ 40ನ್ನು ಮುಟ್ಟಿದೆ; ದೊಡ್ಡ ಹಡಗುಗಳ ಡೀಸೆಲ್ ಎಂಜಿನುಗಳು ಶೇಕಡಾ 50ನ್ನೂ ದಾಟಿವೆ.

ಡೀಸೆಲ್ ಎಂಜಿನಿನ ಹೊಗೆ ಗಾಳಿಯನ್ನು ಕೆಡಿಸುವುದೂ ನಿಜ. ಅದನ್ನು ತಗ್ಗಿಸುವ ಹೊಣೆ ಮುಂದಿನವರದು. ಇಂಧನವನ್ನು ಪೋಲುಮಾಡದೆ ಬಳಸುವುದು ಹೇಗೆ? ಮ್ಯೂನಿಕ್ಕಿನ ಪಾಠಶಾಲೆಯಲ್ಲಿ ಬಡ ವಿದ್ಯಾರ್ಥಿಯೊಬ್ಬನ ಮನಸ್ಸನ್ನು ಕಾಡಿದ ಆ ಪ್ರಶ್ನೆ ಇಂದಿಗೂ ಮಾನವಕುಲದ ಮುಂದೆ ನಿಂತಿದೆ. ಅದಕ್ಕೆ ಉತ್ತರ ಹುಡುಕುವವರೆಲ್ಲರೂ ರುಡಾಲ್ಫ್ ಡೀಸೆಲ್ಲನ ಹಾದಿಯ ಪಯಣಿಗರೇ.